ಬ್ಲ್ಯಾಂಕ್

ಬ್ರಿಸ್ಟಲ್‌ನ ಏರುರಸ್ತೆಯ ತುದಿಗೆ, ನೆಲಮಾಳಿಗೆಯಲ್ಲಿ
ಹಗಲಿರುಳೂ ಗುಂಯ್‌ಗುಡುವ ಕೋಣೆ.
ಬಾಗಿಲ ಮೇಲೆ ಗ್ವೆನ್ಲಿಯನ್ ಬರೆದು ಅಂಟಿಸಿದ ಚೀಟಿ:
ಸೆಂಟು ಬೇಡ, ಕ್ರೀಮು ಬೇಡ, ಪ್ಲಾಸ್ಟಿಕ್ ಬೇಡ,
ಬರಿಗೈ ಅಂತೂ ಬೇಡವೇ ಬೇಡ.
ಮಡಿ ಅಂದರೆ ಇದಪ್ಪಾ, ಅಂದುಕೊಂಡೆ ಮೊದಲ ದಿನ.

ಗಾಜನ್ನೆಲ್ಲ ಇಲ್ಲಿ ಕುಲುಮೆಗೆ ಹಾಕುತ್ತೇವೆ,
ನಾನೂರೈವತ್ತು ಡಿಗ್ರಿ, ರಾತ್ರಿಯಿಡೀ.
ಬೆಳಿಗ್ಗೆ ತೆಗೆದರೆ ಅದಕ್ಕೆ ಏನೂ ನೆನಪಿರುವುದಿಲ್ಲ.

ಮೇಜಿನ ಮೇಲೆ ಒಂದು ಬೋಕಿ.
ಅಂಗೈಯಗಲ. ಸಾಮರ್ಸೆಟ್‌ನ ಜವುಗಿನಲ್ಲಿ ಸಿಕ್ಕಿದ್ದು,
ಐದು ಸಾವಿರ ವರ್ಷ ಕೆಸರುಂಡು ಕಪ್ಪಾದದ್ದು.
ಮೇಲಿನ ಪದರ ಕೆರೆದು ಬಿಸಾಕಿ, ಒಳಗಿನದನ್ನು
ಎರಡು ಗ್ರಾಂ ಕುಟ್ಟಿ, ಮೆಥನಾಲಿನಲ್ಲಿ ಬಿಸಿಮಾಡಿ
ಮಣ್ಣಿನ ಸಂದುಗಳಲ್ಲಿ ಅವಿತು ಕೂತ ಜಿಡ್ಡನ್ನು
ಹೊರಗೆ ಕರೆಯುತ್ತೇವೆ. ಬರುತ್ತದೆ, ಹಿಂಜರಿಯುತ್ತ,
ಮೈಕ್ರೋಗ್ರಾಮಿನ ಲೆಕ್ಕದಲ್ಲಿ.

ಪ್ರತಿ ಸರದಿಯಲ್ಲೂ ಒಂದು ಸೀಸೆ ಬರಿದು.
ಬೋಕಿಯಿಲ್ಲ, ಪುಡಿಯಿಲ್ಲ; ಆ ಇಲ್ಲದ್ದನ್ನೂ
ಇರುವುದರಷ್ಟೇ ಜತನದಿಂದ
ಕಾಯಿಸಿ, ಸೋಸಿ, ಆರಿಸಿ, ಯಂತ್ರಕ್ಕೆ ಕೊಡುತ್ತೇವೆ.
ಅದರ ಹೆಸರು ಬ್ಲ್ಯಾಂಕ್. ಅದು ಬಾಯಿಬಿಡಬಾರದು.
ಬಿಟ್ಟಿತೋ, ಉಳಿದವರೆಲ್ಲರ ಸಾಕ್ಷಿ ಬಿದ್ದುಹೋಯಿತು.

ಗುರುವಾರ ಅದು ಬಾಯಿಬಿಟ್ಟಿತು.

ಪರದೆಯ ಸಪಾಟು ಗೆರೆಯ ಮೇಲೆ
ಹನ್ನೆರಡು ಕಾರ್ಬನ್ನಿನ ಜಾಗಕ್ಕೆ ಸರಿಯಾಗಿ
ಈಚಲ ಮುಳ್ಳಿನಂತೆ ಎದ್ದು ನಿಂತ ಒಂದು ಮೊನೆ.
ಪಕ್ಕದಲ್ಲಿ ಹದಿನಾಲ್ಕರದು, ಗಿಡ್ಡ.
ತುದಿಯಲ್ಲಿ ಸ್ಕ್ವಾಲೀನ್. ಅದು ಮನುಷ್ಯರ ಚರ್ಮದ್ದು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವಂತಿಲ್ಲ ಇಲ್ಲಿ.
ಗ್ವೆನ್ಲಿಯನ್ ಕನ್ನಡಕ ಹಣೆಗೇರಿಸಿದಳು:
'ಯಾರದೋ ಬೆರಳು. ಮತ್ತೆ ಇದು...
ತೆಂಗಿನೆಣ್ಣೆ ಅಲ್ಲವೇ, ಚಂಪಾಕಾ?'

ಹೌದು. ಬುಧವಾರ ರಾತ್ರಿ ಹಚ್ಚಿಕೊಂಡಿದ್ದೆ,
ಸ್ಟೇಪಲ್ಟನ್ ರಸ್ತೆಯ ಅಂಗಡಿಯ ನೀಲಿ ಡಬ್ಬಿಯದು.
ಮೂರು ಸಲ ಶಾಂಪೂ ಹಾಕಿದ್ದೆ, ಸಾಲಲಿಲ್ಲ.
ಕೈಗವಸಿನಲ್ಲೇ ಕಿವಿಯ ಹಿಂದೆ ತುರಿಸಿಕೊಂಡಿರಬೇಕು, ಒಮ್ಮೆ.
ಹದಿನಾರು ಮಾದರಿ ನೀರುಪಾಲು.
ನಾಚಿಕೆಯಾಯಿತು. ಆದರೂ, ನಿಜ ಹೇಳಬೇಕೆಂದರೆ,
ಈ ಊರಲ್ಲಿ ನನ್ನನ್ನು ಅಷ್ಟು ಖಚಿತವಾಗಿ
ಅಲ್ಲಿಯವರೆಗೆ ಯಾರೂ ಗುರುತು ಹಿಡಿದಿರಲಿಲ್ಲ.

ಮುಂದಿನ ವಾರ ತಲೆಗೆ ಟೋಪಿ, ಎರಡು ಜೊತೆ ಕೈಗವಸು.
ಬ್ಲ್ಯಾಂಕ್ ತೆಪ್ಪಗಿತ್ತು.
ಬೋಕಿಯ ಕೊಬ್ಬು ಒಂದೊಂದಾಗಿ ಸುಟ್ಟು ಹೊಗೆಯಾಗಿ
ಆಯಸ್ಕಾಂತದ ತಿರುವಿಗೆ ಬಂತು. ಅಲ್ಲಿ
ಹಗುರಾದ ಕಾರ್ಬನ್ನು ಚಕ್ಕನೆ ಬಳುಕುತ್ತದೆ;
ಒಂದು ನ್ಯೂಟ್ರಾನು ಹೆಚ್ಚಿಗೆ ಹೊತ್ತದ್ದು
ತುಂಬಿದ ಕೊಡದವಳಂತೆ ಅಗಲಕ್ಕೆ ಹೊರಳುತ್ತದೆ.
ಇವರಿಬ್ಬರನ್ನು ಎಣಿಸುವುದೇ ನಮ್ಮ ಕಸುಬು.
ಎಣಿಸಿ, ಒಂದು ಚಿಪ್ಪಿಗೆ ಹೋಲಿಸುವುದು:
ಕೆರೋಲಿನಾದ ಕಡೆಯ ಕಲ್ಲಾದ ಕಡಲಜೀವಿ, ಮೂಲಮಾನ.
ಅರೆದು ಅರೆದು ಅದು ಎಂದೋ ಮುಗಿದುಹೋಗಿದೆ.
ಸೇರು ಸವೆದರೂ ಅಳತೆ ನಿಂತಿಲ್ಲ.

ಮೈನಸ್ ಮೂವತ್ತೊಂದು ಬಿಂದು ನಾಲ್ಕು.

'ಹಾಲು,' ಅಂದಳು ಗ್ವೆನ್ಲಿಯನ್. ಅಷ್ಟೇ.
ಹೀಲಿಯಂ ಸಿಲಿಂಡರಿಗೆ ಸಹಿ ಹಾಕಲು ಮೇಲೆ ಹೋದಳು.

ನಾನು ಕೂತೇ ಇದ್ದೆ.
ಯಾರೋ ಹಾಲು ಕಾಯಿಸಿದ್ದಾರೆ. ಅತ್ತ ತಿರುಗಿದಾಗ ಉಕ್ಕಿದೆ,
ಹಾಲು ಉಕ್ಕುವುದೇ ಆಗ.
ತಳ ಸೀದಿದೆ. ಬೈದುಕೊಂಡು
ಜವುಗಿನ ನೀರಲ್ಲಿ ಅರೆಬರೆ ಗಲಬರಿಸಿ ಬೋರಲು ಹಾಕಿದ್ದಾರೆ.
ಒಪ್ಪವಾಗಿ ಉಜ್ಜುವವರಾಗಿದ್ದರೆ,
ನಮ್ಮ ಚೀಟಿ ಓದಿದವರಾಗಿದ್ದರೆ,
ಈ ಮಣ್ಣು ಇವತ್ತು ಬರೀ ಮಣ್ಣು.
ಬೋಕಿಯ ಅಂಚಿನಲ್ಲೊಂದು ತಗ್ಗು, ಹಸಿಯಿದ್ದಾಗ ಒತ್ತಿದ ಹೆಬ್ಬೆರಳು.
ಎರಡು ಕೈಗವಸಿನ ಮೇಲಿಂದ ನನ್ನದನ್ನು ಇಟ್ಟು ನೋಡಿದೆ.
ಆ ಬೆರಳು ಸಣ್ಣದು.

ಗುರುವಾರದ ಆ ಸೀಸೆಯನ್ನು ಎಸೆದಿಲ್ಲ.
ಫ್ರೀಜರಿನ ಮೂರನೇ ಅಂತಸ್ತಿನಲ್ಲಿದೆ,
ಹೊಸದಾಗಿ ಬಂದವರಿಗೆ ತೋರಿಸಲು.
ಚೀಟಿ ಬದಲಿಸಿಲ್ಲ.
ಈಗಲೂ ಅದರ ಮೇಲೆ ಬ್ಲ್ಯಾಂಕ್ ಅಂತಲೇ ಇದೆ.